ರೋಗನಿದಾನದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ



ವೈದ್ಯ ಎಂದೊಡನೆ ನಿಮ್ಮ ಕಣ್ಣ ಮುಂದೆ ನಿಲ್ಲುವುದು ನಾಡಿ ಹಿಡಿಯುವ, ಎದೆಗೆ ಕೊಳವೆಯಿಟ್ಟು ಆಲಿಸುವ, ಚೀಟಿ ಬರೆದುಕೊಡುವ ವ್ಯಕ್ತಿ. ನಾನು ಆ ವರ್ಗಕ್ಕೆ ಸೇರಿದವನಲ್ಲ. ನಾನು ಪೆಥಾಲಜಿಯವನು. ರೋಗಿಯನ್ನು ನಾನು ನೋಡುವುದು ಅಪರೂಪ. ನೋಡುವುದೆಲ್ಲ ಅವನ ಮೈಯಿಂದ ತೆಗೆದ ಒಂದು ಚೂರನ್ನು. ಆ ಚೂರಿನೊಡನೆ ಬರುವ ಕಾಗದದಲ್ಲಿ ಹೆಸರು, ವಯಸ್ಸು, ಎರಡು ಸಾಲಿನ ವಿವರ ಇರುತ್ತದೆ. ಮಿಕ್ಕದ್ದನ್ನು ಆ ಚೂರೇ ಹೇಳಬೇಕು. ಅದು ಹೇಳುವ ಮಾತನ್ನು ಕೇಳಲು ನಮ್ಮ ಬಳಿ ಇರುವ ಉಪಕರಣಗಳಲ್ಲಿ ಅತ್ಯಂತ ದೊಡ್ಡದು, ಅತ್ಯಂತ ದುಬಾರಿಯಾದುದು, ಅತ್ಯಂತ ಸಾವಕಾಶವಾದುದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. ರೋಗವನ್ನು ಗುರುತಿಸುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ನಿದಾನ. ನಿದಾನಕ್ಕೂ ನಿಧಾನಕ್ಕೂ ಒಂದು ಮಹಾಪ್ರಾಣದ ಅಂತರ ಮಾತ್ರ ಎಂಬುದು ಈ ಯಂತ್ರದ ಮುಂದೆ ಕುಳಿತಾಗಲೆಲ್ಲ ನನಗೆ ನೆನಪಾಗುತ್ತದೆ.

ಸಾಮಾನ್ಯ ಸೂಕ್ಷ್ಮದರ್ಶಕವನ್ನು ನೀವು ಕಾಲೇಜಿನಲ್ಲಿ ನೋಡಿರುತ್ತೀರಿ. ಗಾಜಿನ ಮಸೂರಗಳು, ಕೆಳಗಿನಿಂದ ಬೆಳಕು, ಮೇಲೆ ಕಣ್ಣು. ಮಸೂರಗಳನ್ನು ಇನ್ನಷ್ಟು ನಯವಾಗಿ ಉಜ್ಜಿ, ಇನ್ನಷ್ಟು ಜೋಡಿಸಿ, ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದೆಂದು ತೋರಬಹುದು. ಹಾಗಲ್ಲವೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲೇ ತೋರಿಸಿದ. ತೊಡಕು ಮಸೂರದ್ದಲ್ಲ, ಬೆಳಕಿನದೇ. ಬೆಳಕು ಅಲೆ; ಅಲೆಗಿಂತ ತೀರ ಚಿಕ್ಕದಾದ ವಸ್ತು ಅಲೆಯನ್ನು ತಡೆಯಲಾರದು. ಕೆರೆಯ ತೆರೆಗಳು ದಡದ ಬಂಡೆಗೆ ಬಡಿದು ತಿರುಗುತ್ತವೆ. ನೀರಿನಲ್ಲಿ ನಿಂತ ಜೊಂಡಿನ ಕಡ್ಡಿ ಅವಕ್ಕೆ ಲೆಕ್ಕವೇ ಇಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೋಮೀಟರ್. ಆದ್ದರಿಂದ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಈ ಸೂಕ್ಷ್ಮದರ್ಶಕಕ್ಕೆ ಒಂದೇ ಚುಕ್ಕೆ.

ಹಾಗಾದರೆ ಇನ್ನೂ ಕಿರಿದಾದ ಅಲೆ ಬೇಕು. ಇಲೆಕ್ಟ್ರಾನುಗಳೂ ಅಲೆಗಳಂತೆ ವರ್ತಿಸುತ್ತವೆ ಎಂಬ ಅರಿವು 1920ರ ದಶಕದಲ್ಲಿ ಮೂಡಿತು. ಅದೇ ದಶಕದಲ್ಲಿ, 1926ರಲ್ಲಿ, ಹಾನ್ಸ್ ಬುಷ್ ಎಂಬಾತ ಕಾಂತಸುರುಳಿಯೊಂದು ಇಲೆಕ್ಟ್ರಾನುಗಳನ್ನು ಮಸೂರದಂತೆ ಒಂದೆಡೆಗೆ ಬಾಗಿಸಬಲ್ಲುದೆಂದು ಗಣಿತದಿಂದ ತೋರಿಸಿದ. ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅವನ ತರುಣ ವಿದ್ಯಾರ್ಥಿ ಅರ್ನ್ಸ್ಟ್ ರುಸ್ಕ 1931ರಲ್ಲಿ ಅಂಥ ಮೊದಲ ಯಂತ್ರವನ್ನು ಕಟ್ಟಿದರು. 1933ರ ಹೊತ್ತಿಗೆ ರುಸ್ಕನ ಯಂತ್ರ ಬೆಳಕಿನ ಸೂಕ್ಷ್ಮದರ್ಶಕವನ್ನು ಮೀರಿಸಿತು. ಅವನಿಗೆ ನೊಬೆಲ್ ಪಾರಿತೋಷಕ ಬಂದದ್ದು 1986ರಲ್ಲಿ, ಐವತ್ತಕ್ಕೂ ಹೆಚ್ಚು ವರ್ಷ ಕಾದ ಮೇಲೆ. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡ. ಅವನ ತಮ್ಮ ಹೆಲ್ಮುಟ್ ವೈದ್ಯ. ಈ ಯಂತ್ರ ರೋಗವನ್ನು ನೋಡಲು ಒದಗುತ್ತದೆಂದು ಮೊದಲು ನಂಬಿ, ಹೊಗೆಸೊಪ್ಪಿನ ಗಿಡದ ರೋಗಕ್ಕೆ ಕಾರಣವಾದ ವೈರಸ್ಸನ್ನು 1939ರಲ್ಲಿ ಜೊತೆಗಾರರೊಡನೆ ಚಿತ್ರದಲ್ಲಿ ಹಿಡಿದವನು ಅವನು. ನಮ್ಮ ದೇಶದಲ್ಲೂ ಕಲ್ಕತ್ತೆಯಲ್ಲಿ ಎನ್. ಎನ್. ದಾಸ್‌ಗುಪ್ತ ಅವರು 1940ರ ದಶಕದಲ್ಲೇ ಇಂಥ ಯಂತ್ರವನ್ನು ಕೈಯಾರೆ ಕಟ್ಟಿ ನಿಲ್ಲಿಸಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಒಂದು ಲಕ್ಷ ವೋಲ್ಟಿನ ಒತ್ತಡದಲ್ಲಿ ಓಡುವ ಇಲೆಕ್ಟ್ರಾನಿನ ಅಲೆ 0.0037 ನ್ಯಾನೋಮೀಟರ್. ಕಾಂತಮಸೂರಗಳ ದೋಷದಿಂದಾಗಿ ಅಷ್ಟು ಸೂಕ್ಷ್ಮವಾದುದೇನೂ ನಮಗೆ ಕಾಣುವುದಿಲ್ಲ. ಮೈಯ ಅಂಗಾಂಶದಲ್ಲಿ ಒಂದೆರಡು ನ್ಯಾನೋಮೀಟರಿನಷ್ಟು ಕಂಡರೆ ನಾವು ತೃಪ್ತರು. ಆದರೆ ಈ ದೃಷ್ಟಿಗೆ ಕೊಡಬೇಕಾದ ಬೆಲೆ ಇದೆ. ಗಾಳಿಗೆ ಡಿಕ್ಕಿ ಹೊಡೆದು ಇಲೆಕ್ಟ್ರಾನುಗಳು ಚೆದರುವುದರಿಂದ ಯಂತ್ರದ ಒಳಗೆಲ್ಲ ನಿರ್ವಾತವಿರಬೇಕು. ನಿರ್ವಾತದಲ್ಲಿ ಹಸಿಯಾದುದು ಉಳಿಯದು, ಜೀವವಿರುವುದಂತೂ ಉಳಿಯದು. ನಾವು ನೋಡುವುದು ಯಾವಾಗಲೂ ನಿಂತುಹೋದ ಒಂದು ಕ್ಷಣವನ್ನು. ಬಣ್ಣವೂ ಇಲ್ಲ. ಪತ್ರಿಕೆಗಳಲ್ಲಿ ಕೆಂಪು ಹಸುರಾಗಿ ಮೆರೆಯುವ ವೈರಸ್ಸಿನ ಚಿತ್ರಗಳನ್ನು ನೋಡಿ ನೀವು ಬೆರಗಾಗಿದ್ದರೆ, ಆ ಬಣ್ಣವನ್ನು ಆಮೇಲೆ ಯಾರೋ ಹಚ್ಚಿದ್ದೆಂದು ತಿಳಿಯಿರಿ. ನಮ್ಮ ತೆರೆಯ ಮೇಲೆ ಇರುವುದು ಬೂದಿಯ ಹಲವು ಛಾಯೆ, ಅಷ್ಟೆ.

ಚೂರನ್ನು ಸಿದ್ಧಪಡಿಸುವ ಕೆಲಸ ಅಡುಗೆಯಂಥದು; ಹದ ತಪ್ಪಿದರೆ ಮತ್ತೆ ಸರಿಪಡಿಸಲಾಗದು. ಮೈಯಿಂದ ತೆಗೆದ ಕೂಡಲೆ, ನಿಮಿಷಗಳೊಳಗಾಗಿ, ಒಂದು ಮಿಲಿಮೀಟರಿನಷ್ಟು ತುಣುಕನ್ನು ಗ್ಲೂಟರಾಲ್ಡಿಹೈಡ್ ಎಂಬ ದ್ರವಕ್ಕೆ ಹಾಕಬೇಕು. ಆಮೇಲೆ ಆಸ್ಮಿಯಮ್ಮಿನ ದ್ರಾವಣ. ಅದರಿಂದ ತುಣುಕು ಕಪ್ಪಾಗುತ್ತದೆ. ಆಮೇಲೆ ಆಲ್ಕೊಹಾಲಿನಲ್ಲಿ ನೀರೆಲ್ಲವನ್ನೂ ತೆಗೆದು, ರಾಳ ತುಂಬಿ, ಒಲೆಯಲ್ಲಿಟ್ಟು ಗಟ್ಟಿಗೊಳಿಸಬೇಕು. ಆ ಗಟ್ಟಿ ರಾಳವನ್ನು ಒಡೆದ ಗಾಜಿನ ಅಂಚಿನಿಂದಲೋ ವಜ್ರದ ಅಲಗಿನಿಂದಲೋ ಸೀಳುತ್ತೇವೆ. ಒಂದೊಂದು ಸೀಳಿನ ದಪ್ಪ ಸುಮಾರು 70 ನ್ಯಾನೋಮೀಟರ್. ನಿಮ್ಮ ತಲೆಗೂದಲೊಂದನ್ನು ಉದ್ದಕ್ಕೆ ಸಾವಿರ ಹಾಳೆಯಾಗಿ ಬಿಡಿಸಿದರೆ ಒಂದು ಹಾಳೆ ಎಷ್ಟಿದ್ದೀತೋ ಅಷ್ಟು. ಅಷ್ಟು ತೆಳುವಾದುದನ್ನು ಅಳೆಯುವ ಬಗೆ ಹೇಗೆ? ಸೀಳು ಬಂದು ಪುಟ್ಟ ನೀರಿನ ತೊಟ್ಟಿಯ ಮೇಲೆ ತೇಲುತ್ತದೆ. ಸೋಪಿನ ಗುಳ್ಳೆಯಲ್ಲಿ ಮೂಡುವಂತೆ ಅದರಲ್ಲೂ ಬಣ್ಣ ಮೂಡುತ್ತದೆ. ಬೆಳ್ಳಿಯ ಬಣ್ಣವಿದ್ದರೆ ಸರಿ, ಹೊನ್ನಿನ ಬಣ್ಣ ಬಂದರೆ ದಪ್ಪವಾಯಿತು. ಈ ಕೆಲಸದಲ್ಲಿ ಪಳಗಿದ ತಂತ್ರಜ್ಞರೊಬ್ಬರು ನಮ್ಮಲ್ಲಿದ್ದರು. ಬೇಸಿಗೆಯಲ್ಲೂ ಫ್ಯಾನು ಹಾಕಗೊಡುತ್ತಿರಲಿಲ್ಲ, ಪಕ್ಕದಲ್ಲಿ ಯಾರಾದರೂ ಜೋರಾಗಿ ಉಸಿರಾಡಿದರೂ ಹುಬ್ಬು ಗಂಟಿಕ್ಕುತ್ತಿದ್ದರು. ಬೆಳ್ಳಿಬಣ್ಣದ ಸೀಳುಗಳ ಸಾಲನ್ನು ಅವರು ಮೂರು ಮಿಲಿಮೀಟರಿನ ತಾಮ್ರದ ಜಾಲರಿಯ ಮೇಲೆ ಎತ್ತಿಕೊಳ್ಳುವುದನ್ನು ನೋಡುವುದೇ ಒಂದು ಸೊಗಸು. ಮೇಲೆ ಯುರೇನಿಯಮ್ ಮತ್ತು ಸೀಸದ ಲವಣಗಳ ಲೇಪ, ಆಗ ಯಂತ್ರದೊಳಕ್ಕೆ. ಇಷ್ಟಕ್ಕೆ ಹಲವು ದಿನಗಳೇ ಹಿಡಿಯುತ್ತವೆ.

ಇಷ್ಟು ಪಾಡುಪಟ್ಟು ಕಾಣುವುದೇನು? ಇದಕ್ಕೆ ಮೂತ್ರಪಿಂಡಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನರಿಯೆ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ರಕ್ತನಾಳದ ಉಂಡೆಗಳಿವೆ. ಗ್ಲಾಮೆರುಲಸ್ ಎಂದು ಹೆಸರು. ದಿನವೊಂದಕ್ಕೆ 180 ಲೀಟರಿನಷ್ಟು ನೀರು ಈ ಉಂಡೆಗಳಲ್ಲಿ ಸೋಸಿ ಇಳಿಯುತ್ತದೆ. ಒಂದೂವರೆ ಲೀಟರನ್ನು ಬಿಟ್ಟು ಉಳಿದುದನ್ನೆಲ್ಲ ಮೈ ಮರಳಿ ಹೀರಿಕೊಳ್ಳುತ್ತದೆ. ಸೋಸುವ ಜರಡಿಯಲ್ಲಿ ಮೂರು ಪದರ. ಒಳಗೆ ತೂತುಗಳುಳ್ಳ ಜೀವಕೋಶದ ಒಳಪದರ. ನಡುವೆ ತಳಪೊರೆ, ದೊಡ್ಡವರಲ್ಲಿ ಅದರ ದಪ್ಪ 300ರಿಂದ 350 ನ್ಯಾನೋಮೀಟರಿನ ಆಸುಪಾಸು. ಹೊರಗೆ, ಪಾದಗಳುಳ್ಳ ಜೀವಕೋಶಗಳು. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಅಕ್ಕಪಕ್ಕದ ಕೋಶಗಳ ಪಾದಗಳು ಹೆಣೆದುಕೊಂಡಿರುತ್ತವೆ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಈ ಮೂರೂ ಸೇರಿ ಒಂದು ಗೆರೆ.

ಮಕ್ಕಳಿಗೆ ಬರುವ ಒಂದು ಕಾಯಿಲೆಯುಂಟು. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಆಮೇಲೆ ಕಾಲು, ಹೊಟ್ಟೆ. ಮೂತ್ರವನ್ನು ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪು. ರಕ್ತದ ಪ್ರೋಟೀನು ಸೋರಿಹೋಗುತ್ತಿದೆ ಎಂಬುದು ಸ್ಪಷ್ಟ. ಆದರೆ ಅಂಥ ಮಗುವಿನ ಮೂತ್ರಪಿಂಡವನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ! ಜರಡಿ ಹರಿದಿಲ್ಲ, ಸೋರಿಕೆ ಮಾತ್ರ ನಿಂತಿಲ್ಲ. ಹಿಂದಿನ ತಲೆಮಾರಿನ ವೈದ್ಯರಿಗೆ ಇದೊಂದು ಒಗಟು. 1957ರಲ್ಲಿ ಅಮೆರಿಕದ ಮರಿಲಿನ್ ಫಾರ್ಕ್ವಾರ್, ವೆರ್ನಿಯರ್ ಮತ್ತು ಗುಡ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಹೆಣೆದ ಬೆರಳುಗಳಂಥ ಆ ಪಾದಗಳು ಚಪ್ಪಟೆಯಾಗಿ ಒಂದೇ ಹಾಳೆಯಂತೆ ಮಲಗಿದ್ದವು. ಔಷಧದಿಂದ ಸೋರಿಕೆ ನಿಂತಾಗ ಪಾದಗಳು ಮತ್ತೆ ಏಳುತ್ತವೆ. ಈಗ ಇಂಥ ಮಕ್ಕಳಿಗೆ ಸೂಜಿ ಹಾಕದೆ ಮೊದಲು ಸ್ಟಿರಾಯ್ಡ್ ಕೊಟ್ಟು ನೋಡುವುದೇ ರೂಢಿ. ಬಹುಪಾಲು ಮಕ್ಕಳು ಅದಕ್ಕೆ ಬಗ್ಗುತ್ತಾರೆ. ಬಗ್ಗದಿದ್ದಾಗ ಚೂರು ನಮ್ಮ ಮೇಜಿಗೆ ಬರುತ್ತದೆ. ಪಾದಗಳನ್ನು ಮಲಗಿಸುವುದು ಯಾವುದು ಎಂಬುದನ್ನು ಈ ಯಂತ್ರ ಹೇಳಲಿಲ್ಲ. ಕೆಲವರಲ್ಲಾದರೂ ಅದು ಮೈಯೇ ತನ್ನ ಮೇಲೆ ತಿರುಗಿಬಿಟ್ಟ ಪ್ರತಿಕಾಯ ಎಂಬುದು ತೀರ ಇತ್ತೀಚೆಗೆ ಬೇರೆ ವಿಧಾನಗಳಿಂದ ತಿಳಿದುಬಂದಿದೆ.

ಎರಡನೆಯ ಉದಾಹರಣೆ ತಳಪೊರೆಯದು. ಅದನ್ನು ಹೇಳುವಾಗ ನನ್ನ ತಪ್ಪೊಂದನ್ನೂ ಹೇಳಬೇಕಾಗುತ್ತದೆ.

ಹಲವು ವರ್ಷಗಳ ಹಿಂದೆ ಜಿಲ್ಲಾಸ್ಥಳವೊಂದರಿಂದ ಏಳು ವರ್ಷದ ಹುಡುಗನ ಮೂತ್ರಪಿಂಡದ ಚೂರು ಬಂತು. ಶೀತ ಜ್ವರ ಬಂದಾಗಲೆಲ್ಲ ಅವನ ಮೂತ್ರ ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಚೂರನ್ನು ತೆಗೆದವರು ಎಲ್ಲವನ್ನೂ ಫಾರ್ಮಲಿನ್ನಿಗೆ ಹಾಕಿದ್ದರು. ಗ್ಲೂಟರಾಲ್ಡಿಹೈಡಿಗೆ ಒಂದು ತುಣುಕನ್ನೂ ಇಟ್ಟಿರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ಇಂಥಲ್ಲಿ ಒಂದು ಉಪಾಯವಿದೆ: ಮೇಣದಲ್ಲಿ ಅಡಕವಾದ ಚೂರಿನಿಂದಲೇ ಒಂದಿಷ್ಟು ಕೆತ್ತಿ ತೆಗೆದು, ಮೇಣ ಕಳೆದು, ರಾಳಕ್ಕೆ ಹಾಕುವುದು. ಹಾಗೆ ಮಾಡಿ ನೋಡಿದೆ. ಒಂದೇ ಒಂದು ಗ್ಲಾಮೆರುಲಸ್ ಸಿಕ್ಕಿತು. ತಳಪೊರೆ ಎಲ್ಲೆಡೆಯೂ ತೆಳ್ಳಗೆ. ಅಳೆದೆ, ಸರಾಸರಿ ತೆಗೆದೆ, 'ತೆಳು ತಳಪೊರೆಯ ಸ್ಥಿತಿ' ಎಂದು ಬರೆದು ಕಳಿಸಿದೆ. ಇದು ಸಾಮಾನ್ಯವಾಗಿ ಕೇಡು ಮಾಡದ ವಂಶದ ಲಕ್ಷಣ. ಮೂತ್ರದಲ್ಲಿ ರಕ್ತಕಣ ಕಂಡರೂ ಬಹುಮಂದಿ ಬದುಕಿನುದ್ದಕ್ಕೂ ಚೆನ್ನಾಗಿರುತ್ತಾರೆ. ಮನೆಯವರು ನಿಟ್ಟುಸಿರು ಬಿಟ್ಟಿರಬೇಕು.

ಎರಡು ಮಾತುಗಳನ್ನು ನಾನು ಆ ವರದಿಯಲ್ಲಿ ಬರೆಯಬೇಕಾಗಿತ್ತು, ಬರೆಯಲಿಲ್ಲ. ಮೇಣದ ಹಾದಿ ಹಿಡಿದುಬಂದ ಚೂರಿನಲ್ಲಿ ತಳಪೊರೆ ಇದ್ದುದಕ್ಕಿಂತ ತೆಳುವಾಗಿ ಕಾಣುತ್ತದೆ. ಅಲ್ಲಿ ತೆಗೆದ ಅಳತೆಯನ್ನು ನಂಬಿ 'ತೆಳು' ಎನ್ನಲಾಗದು ಎಂಬುದು ಒಂದು. ಅದು ನಿಜವಾಗಿ ತೆಳುವೇ ಆಗಿದ್ದರೂ, ಅಷ್ಟು ಎಳೆಯ ಹುಡುಗನಲ್ಲಿ ಅದು ಬೇರೊಂದು ಕೆಟ್ಟ ರೋಗದ ಮೊದಲ ಹೆಜ್ಜೆಯೂ ಆಗಿರಬಹುದು ಎಂಬುದು ಇನ್ನೊಂದು.

ಆ ರೋಗವನ್ನು 1927ರಲ್ಲಿ ವಿವರಿಸಿದವನು ಸೆಸಿಲ್ ಆಲ್ಪೋರ್ಟ್. ಒಂದೇ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೂತ್ರದಲ್ಲಿ ರಕ್ತ, ಜೊತೆಗೆ ಕಿವುಡು. ಗಂಡಸರು ಎಳೆಯ ವಯಸ್ಸಿನಲ್ಲೇ ಸಾಯುತ್ತಾರೆ, ಹೆಂಗಸರು ಬಹುಮಟ್ಟಿಗೆ ಬದುಕುತ್ತಾರೆ. ತಳಪೊರೆಯನ್ನು ಕಟ್ಟುವ ಕೊಲಾಜನ್ನಿನಲ್ಲೇ ಇಲ್ಲಿ ದೋಷ. ಆ ಕೊಲಾಜನ್ನೇ ಒಳಗಿವಿಯಲ್ಲೂ ಇರುವುದರಿಂದ ಕಿವಿ ಮಂದವಾಗುತ್ತದೆ. 1972ರ ಹೊತ್ತಿಗೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದರ ಗುರುತು ಸಿಕ್ಕಿತು: ತಳಪೊರೆ ಒಂದೆಡೆ ತೆಳು, ಒಂದೆಡೆ ದಪ್ಪ, ಪದರುಪದರಾಗಿ ಸೀಳಿ ಬಿದಿರು ಬುಟ್ಟಿಯ ಹೆಣಿಗೆಯಂತೆ. ಆದರೆ ಈ ಹೆಣಿಗೆ ಮೂಡಲು ವರ್ಷಗಳು ಬೇಕು. ಎಳವೆಯಲ್ಲಿ ಬರಿಯ ತೆಳುವೇ ಕಾಣುವುದುಂಟು.

ನಾಲ್ಕು ವರ್ಷದ ಮೇಲೆ ಅದೇ ಹುಡುಗನ ಇನ್ನೊಂದು ಚೂರು ಬಂದಿತು. ಈ ಸಲ ಗ್ಲೂಟರಾಲ್ಡಿಹೈಡಿನಲ್ಲಿ. ನಡುವೆ ಅವನಿಗೆ ಪ್ರೋಟೀನು ಸೋರತೊಡಗಿ ಕಾಲು ಬಾತಿತ್ತು. ನನ್ನ ವರದಿಯನ್ನು ನಂಬಿದ ವೈದ್ಯರು, ತೆಳು ಪೊರೆಯಿಂದ ಇಷ್ಟು ಸೋರುವುದಿಲ್ಲ, ಇದು ಮಕ್ಕಳ ಆ ಇನ್ನೊಂದು ಕಾಯಿಲೆಯೇ ಇರಬೇಕೆಂದು ಎಣಿಸಿ ತಿಂಗಳುಗಟ್ಟಲೆ ಸ್ಟಿರಾಯ್ಡ್ ಕೊಟ್ಟಿದ್ದರು. ಮುಖ ಉಬ್ಬಿತ್ತು, ಬೆಳವಣಿಗೆ ಕುಂಠಿತವಾಗಿತ್ತು, ಸೋರಿಕೆ ಮಾತ್ರ ಹಾಗೆಯೇ ಇತ್ತು. ಯಂತ್ರದ ತೆರೆಯ ಮೇಲೆ ಬುಟ್ಟಿಯ ಹೆಣಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಳೆಯುವ ಗೋಜೇ ಬೇಕಿರಲಿಲ್ಲ. ಹಳೆಯ ವರದಿಯನ್ನು ತೆಗೆಸಿ ಓದಿದೆ. ಕೆಳಗೆ ನನ್ನದೇ ಸಹಿ.

ನಿಯಮದ ಪ್ರಕಾರ ನನ್ನ ಕೆಲಸ ಬರೆದು ಕಳಿಸುವುದರಲ್ಲಿ ಮುಗಿಯುತ್ತದೆ. ಆದರೆ ಆ ಸಲ ಹುಡುಗನ ತಂದೆತಾಯಿಗಳನ್ನು ನೋಡುತ್ತೇನೆಂದು ವೈದ್ಯರಿಗೆ ಹೇಳಿಕಳಿಸಿದೆ. ಆ ಮಾತುಕತೆಗೆ ಮತ್ತೆ ಬರುತ್ತೇನೆ. ಈ ಯಂತ್ರದ ಉಳಿದ ಕೆಲಸಗಳನ್ನೂ ನಾಲ್ಕು ಮಾತಿನಲ್ಲಿ ಹೇಳದಿದ್ದರೆ ಅದಕ್ಕೆ ಅನ್ಯಾಯವಾದೀತು.

ಸಿಡುಬು ನಮ್ಮ ನಡುವೆ ಇದ್ದ ಕಾಲದಲ್ಲಿ ಮೈಮೇಲೆ ಗುಳ್ಳೆ ಎದ್ದವರೆಲ್ಲರಿಗೂ ಹಳ್ಳಿಯಲ್ಲಿ 'ಅಮ್ಮ' ಬಂದಿದೆ ಎಂದೇ ಮಾತು. ದೊಡ್ಡ ಸಿಡುಬೋ ಸೀತಾಳೆ ಸಿಡುಬೋ ಎಂದು ವೈದ್ಯರೇ ತಡವರಿಸುವುದಿತ್ತು. ಗುಳ್ಳೆಯ ನೀರಿನ ಒಂದು ಹನಿ ಈ ಯಂತ್ರದಡಿ ಬಂದರೆ ಕೆಲವು ಗಂಟೆಗಳಲ್ಲೇ ತೀರ್ಪು: ಸಿಡುಬಿನ ವೈರಸ್ಸು ಇಟ್ಟಿಗೆಯಾಕಾರ, ಸೀತಾಳೆಯದು ಹಲಮುಖಗಳ ಗುಂಡು. ಹನಿಯೊಂದಕ್ಕೆ ಭಾರಲೋಹದ ಲವಣ ಸುರಿದು ವೈರಸ್ಸನ್ನು ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಕಾಣಿಸುವ ಬಗೆಯನ್ನು ಬ್ರೆನರ್ ಮತ್ತು ಹಾರ್ನ್ 1959ರಲ್ಲಿ ರೂಢಿಗೆ ತಂದಿದ್ದರು. ರಾಳ, ಅಲಗು, ಯಾವುದೂ ಬೇಡ. ಇದೇ ಬಗೆಯಲ್ಲಿ ಗ್ಲಾಸ್ಗೋ ನಗರದ ಬಸ್ ಚಾಲಕನ ಮಗಳು, ಹದಿನಾರಕ್ಕೇ ಶಾಲೆ ಬಿಟ್ಟ ಜೂನ್ ಅಲ್ಮೇಡ, 1960ರ ದಶಕದಲ್ಲಿ ಮನುಷ್ಯರ ಕೊರೋನಾ ವೈರಸ್ಸನ್ನು ಮೊದಲ ಸಲ ಕಂಡಳು. ಅದೇ ವಂಶದ ಹೊಸ ವೈರಸ್ಸು 2020ರಲ್ಲಿ ನಮ್ಮ ದೇಶಕ್ಕೆ ಬಂದಾಗ, ಕೇರಳದ ಮೊದಲ ರೋಗಿಯ ಗಂಟಲಿನ ದ್ರವದಲ್ಲಿ ಅದರ ಚಿತ್ರ ಹಿಡಿದವರು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು. ಪ್ರತಿಕಾಯದ ಪರೀಕ್ಷೆಗಾಗಲಿ ಜೀನಿನ ಪರೀಕ್ಷೆಗಾಗಲಿ ಯಾವುದನ್ನು ಹುಡುಕುತ್ತಿದ್ದೇವೆಂದು ಮೊದಲೇ ತಿಳಿದಿರಬೇಕು. ಈ ಯಂತ್ರಕ್ಕೆ ಅದು ಬೇಡ, ಕಂಡದ್ದನ್ನು ತೋರಿಸುತ್ತದೆ.

ನನಗೆ ಬಲು ಮೆಚ್ಚಿನದು ಇನ್ನೊಂದು. ಸದಾ ಶೀತ, ಕಫ, ಎದೆಯಲ್ಲಿ ಕೀವು. ಜೊತೆಗೆ ಗುಂಡಿಗೆ ಬಲಗಡೆ! ಈ ವಿಚಿತ್ರ ಜೋಡಿಯನ್ನು 1933ರಲ್ಲಿ ಕಾರ್ಟಗೆನರ್ ವಿವರಿಸಿದ್ದ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ಶ್ವಾಸನಾಳದ ಒಳಗೋಡೆಯಲ್ಲಿ ಬಡಿಯುತ್ತ ಕಫವನ್ನು ಮೇಲಕ್ಕೆ ದೂಡುವ ನವಿರುಗಳನ್ನು ಅಡ್ಡ ಕೊಯ್ದರೆ ಸುತ್ತ ಒಂಬತ್ತು ಜೋಡಿ ನಳಿಕೆ, ನಡುವೆ ಎರಡು, ರಂಗೋಲಿಯಷ್ಟು ಅಚ್ಚುಕಟ್ಟು. ಒಂದೊಂದು ಜೋಡಿಗೂ ಪುಟ್ಟ ತೋಳುಗಳು. ಸ್ವೀಡನ್ನಿನ ಅಫ್ಜೀಲಿಯಸ್ 1976ರಲ್ಲಿ ಈ ರೋಗಿಗಳಲ್ಲಿ ಆ ತೋಳುಗಳೇ ಇಲ್ಲವೆಂದು ತೋರಿಸಿದ. ತೋಳಿಲ್ಲದೆ ನವಿರು ಬಡಿಯದು, ಕಫ ಏರದು. ಭ್ರೂಣದಲ್ಲೂ ಅಂಥವೇ ನವಿರುಗಳು ಎಡಬಲವನ್ನು ನಿರ್ಣಯಿಸುತ್ತವೆ. ಅವು ನಿಶ್ಚಲವಾದರೆ ಗುಂಡಿಗೆ ಯಾವ ಕಡೆಗೆ ಎಂಬುದು ಹಾರಿಸಿದ ನಾಣ್ಯದಂತೆ. ಹಾಗೆಂದು ನವಿರು ನೋಡಲು ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು; ಹತ್ತರಲ್ಲಿ ಮೂವರಷ್ಟು ರೋಗಿಗಳಲ್ಲಿ ರಚನೆಯೆಲ್ಲ ಸರಿಯಾಗಿಯೇ ಕಾಣುತ್ತದೆ.

ಗೆಡ್ಡೆಗಳ ವಿಷಯದಲ್ಲಿ ಈ ಯಂತ್ರದ ದರ್ಬಾರು ಮುಗಿದಿದೆ. ಒಂದು ಕಾಲಕ್ಕೆ ಯಾವ ಕೋಶದಿಂದ ಹುಟ್ಟಿದ ಕ್ಯಾನ್ಸರ್ ಎಂದು ತಿಳಿಯಲು ಇದನ್ನೇ ಮೊರೆಹೋಗುತ್ತಿದ್ದೆವು. ಬಣ್ಣ ಕಟ್ಟಿದ ಪ್ರತಿಕಾಯಗಳಿಂದ ಒಂದೆರಡು ದಿನದಲ್ಲಿ, ಕಡಮೆ ಹಣದಲ್ಲಿ ಅದೇ ಉತ್ತರ ಸಿಗುವಂತಾದ ಮೇಲೆ ಹಲವು ಕಡೆ ಯಂತ್ರದ ಕೋಣೆಗೆ ಬೀಗ ಬಿತ್ತು. ಅದಕ್ಕಾಗಿ ನಾನು ಮರುಗುವವನಲ್ಲ. ಈ ಯಂತ್ರದ ದೊಡ್ಡ ಕುಂದು ಇರುವುದು ಅದರ ಬಲದಲ್ಲೇ: ನೋಡುವುದು ತೀರ ಸ್ವಲ್ಪವನ್ನು. ಊರನ್ನು ಸುತ್ತದೆ ಒಂದು ಮನೆಯ ಹೊಸಿಲಿನ ಬಿರುಕನ್ನು ನೋಡಿ ಊರಿನ ಸ್ಥಿತಿ ಬರೆದಂತಾಗುವ ಅಪಾಯ ಯಾವಾಗಲೂ ಇದೆ. ನಾನು ಒಂದೇ ಗ್ಲಾಮೆರುಲಸ್ ನೋಡಿ ಬರೆದದ್ದು ಅಂಥದೇ.

ಹುಡುಗನ ತಂದೆತಾಯಿ ಒಂದು ಮಧ್ಯಾಹ್ನ ಬಂದರು. ತಂದೆ ಬಾಗಿಲ ಬಳಿಯೇ ನಿಂತರು, ತಾಯಿ ಕುಳಿತರು. ಮೊದಲ ವರದಿಯನ್ನು ಬರೆದವನು ನಾನೇ, ಅದು ತಪ್ಪಾಗಿತ್ತು ಎಂದೆ. ಹುಡುಗನಿಗೆ ಕೊಡುತ್ತಿದ್ದ ಸ್ಟಿರಾಯ್ಡ್ ಈ ರೋಗಕ್ಕೆ ನಾಟುವುದಿಲ್ಲ, ವೈದ್ಯರು ಅದನ್ನು ಇಳಿಸುತ್ತ ಬಂದು ನಿಲ್ಲಿಸುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್ ಜಾತಿಯ ಮಾತ್ರೆ ಸೋರಿಕೆಯನ್ನು ತಗ್ಗಿಸಿ ಮೂತ್ರಪಿಂಡ ಸೋಲುವುದನ್ನು ವರ್ಷಗಟ್ಟಲೆ ಮುಂದೂಡಬಲ್ಲುದು. ಅದನ್ನು ಮೊದಲೇ ಆರಂಭಿಸಿದ್ದರೆ ಒಳ್ಳೆಯದಿತ್ತು ಎಂದೂ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೆ ಎಂದು ಕೇಳಿದೆ.

"ನಮ್ಮಣ್ಣ ಇಪ್ಪತ್ತೆರಡಕ್ಕೇ ಹೋದ ಡಾಕ್ಟ್ರೆ. ಮೈಯೆಲ್ಲ ಬಾತಿತ್ತು. ಕಿವೀನೂ ಮಂದ. ಕೂಗಿ ಕರೆದ್ರೆ ತಿರುಗ್ತಿರಲಿಲ್ಲ ಅಂತ ಅಪ್ಪ ಹೊಡೀತಿದ್ರು" ಎಂದರು ಆಕೆ. ನಾಲ್ಕು ವರ್ಷದ ಹಿಂದೆ ಬಂದ ಕಾಗದದ ಎರಡು ಸಾಲಿನಲ್ಲಿ ಈ ಮಾತು ಇರಲಿಲ್ಲ. ನಾನೂ ಕೇಳಿರಲಿಲ್ಲ.

"ಇವನೂ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತ್ರೆ ಮೇಷ್ಟ್ರು ಹೇಳಿದ್ದು ಕೇಳ್ಸಲ್ಲ ಅಂತಾನೆ" ಎಂದರು ತಂದೆ.

"ಕಿಡ್ನಿ ಬೇಕಾದ್ರೆ ನಂದು ತಗೊಳ್ಳಿ" ಎಂದರು ತಾಯಿ, ತಡೆಯದೆ. ನಾನು ಆ ಮಾತಿಗೆ ಹೆದರಿಯೇ ಕುಳಿತಿದ್ದೆ. ಈ ದೋಷದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಅದು 1990ರಲ್ಲಿ ಪತ್ತೆಯಾಯಿತು. ಸೋದರಮಾವನಿಗೂ ಸೋದರಳಿಯನಿಗೂ ಬಂದಿದೆಯೆಂದರೆ ನಡುವೆ ಇರುವ ತಾಯಿ ಅದನ್ನು ಹೊತ್ತವಳು. ಹೊತ್ತವರ ಮೂತ್ರಪಿಂಡವೂ ವಯಸ್ಸಾದ ಮೇಲೆ ಸೋಲಬಹುದು. ಇದ್ದುದರಲ್ಲಿ ಒಂದನ್ನು ಕೊಡುವುದು ಆಕೆಗೆ ಕ್ಷೇಮವಲ್ಲ. "ನೋಡಿಯಮ್ಮ, ಸದ್ಯಕ್ಕೆ ಅದರ ಅಗತ್ಯವಿಲ್ಲ. ಬಂದಾಗ ಮೊದಲು ಅವರ ತಂದೆಯನ್ನು ಪರೀಕ್ಷಿಸೋಣ" ಎಂದೆ. ಆಕೆ ಕೂಡಲೆ ಗ್ರಹಿಸಿದರು. "ಹಂಗಾದ್ರೆ ಇದು ನನ್ನಿಂದ ಬಂದದ್ದೆ?" ಎಂದರು.

ಹೌದೆಂದೆ, ಆಕೆ ಮಾಡಿದ್ದೇನೂ ಅಲ್ಲವೆಂದೂ ಹೇಳಿದೆ. ಎರಡನೆಯ ಮಾತು ಕೇಳಿಸಿತೋ ಇಲ್ಲವೋ. ಚಿತ್ರವನ್ನು ನೋಡಬೇಕೆಂದರು. ಬೂದಿಬಣ್ಣದ ಹೆಣಿಗೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿ, "ಮೊರದ ಹಂಗಿದೆ" ಎಂದರು. ಆಮೇಲೆ, ಮನೆಯಲ್ಲಿ ಐದು ವರ್ಷದ ಮಗಳೊಬ್ಬಳಿದ್ದಾಳೆ, ಅವಳನ್ನು ಯಾವಾಗ ಕರೆತರಲಿ ಎಂದು ಕೇಳಿದರು. ಮುಂದಿನ ಗುರುವಾರ ಬೆಳಗಿನ ಮೊದಲ ಮೂತ್ರವನ್ನು ಶುದ್ಧವಾದ ಬಾಟಲಿಯಲ್ಲಿ ಹಿಡಿದು ತನ್ನಿ ಎಂದು ಬರೆದುಕೊಟ್ಟೆ.